ಅಂಗವಿಕಲರಿಗೆ ಕೆಲಸ ಕೊಡಿಸಬೇಕೇ? ಮೊದಲು ಅವರನ್ನೇ ಕೇಳಿ

"ಇವನಿಗೊಂದು ಕೆಲಸ ಕೊಡ್ಸಿ ಮೇಡಂ, ಯಾವುದಾದ್ರೂ ಆಗ್ಲಿ." ನನ್ನ ಹತ್ತಿರ ಬರುವ ಅಪ್ಪ, ಅಮ್ಮ, ಅಣ್ಣಂದಿರು ಹೆಚ್ಚುಕಡಿಮೆ ಎಲ್ಲರೂ ಹೀಗೇ ಶುರು ಮಾಡುತ್ತಾರೆ. ಕೆಲಸ ಬೇಕಾದವರು ಮಾತ್ರ ಪಕ್ಕದಲ್ಲಿ ಸುಮ್ನೆ ಕೂತಿರುತ್ತಾರೆ. ನಾನು ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತೆ. ಪೋಲಿಯೊ ಆಗಿದ್ದರಿಂದ ಎಡಗಾಲಿಗೆ ಕ್ಯಾಲಿಪರ್, ಅಂದರೆ ಆಸರೆಯ ಪಟ್ಟಿ, ಹಾಕುತ್ತೇನೆ. ನನ್ನ ಬಗ್ಗೆಯೂ ಬೇರೆಯವರೇ ಮಾತಾಡುತ್ತಿದ್ದ ಕಾಲ ನೆನಪಿದೆ, ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಮನೆಯವರನ್ನು ಹತ್ತು ನಿಮಿಷ ಹೊರಗೆ ಕೂರಿಸಿ, ಕೆಲಸ ಬೇಕಾದವರ ಹತ್ತಿರವೇ ಮಾತಾಡುತ್ತೇನೆ.

ಏನು ಕೇಳಬೇಕು? "ಏನು ಕೆಲಸ ಬೇಕು" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಎಂದೂ ಕೆಲಸಕ್ಕೆ ಹೋಗದವರಿಗೆ ಏನೇನು ಕೆಲಸ ಇದೆ ಅಂತಲೇ ಗೊತ್ತಿರುವುದಿಲ್ಲ. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಅಂತ ಕೇಳಿ. ಫೋನಿನಲ್ಲಿ ಏನು ನೋಡುತ್ತೀರಿ, ಮನೆಯಲ್ಲಿ ಯಾವ ಕೆಲಸ ನಿಮ್ಮದು, ಒಬ್ಬರೇ ಎಲ್ಲಿಯವರೆಗೆ ಹೋಗಿಬರುತ್ತೀರಿ, ಎಷ್ಟು ಹೊತ್ತು ಕೂತರೆ ಬೆನ್ನು ನೋಯುತ್ತದೆ, ಗಲಾಟೆ ಇರುವ ಜಾಗದಲ್ಲಿ ಹೇಗಿರುತ್ತೀರಿ ಅಂತ ಕೇಳಿ. ಬುದ್ಧಿ ಬೆಳವಣಿಗೆ ನಿಧಾನ ಇರುವ ಒಬ್ಬ ಹುಡುಗನ ಬಗ್ಗೆ ತಾಯಿ "ಅವನಿಗೆ ಏನೂ ಬರಲ್ಲ" ಅಂದಿದ್ದರು. ಆದರೆ ಅವರ ಅಂಗಡಿಗೆ ಬರುವ ಸಾಮಾನನ್ನೆಲ್ಲ ತಾರೀಕು ನೋಡಿ ಜೋಡಿಸುತ್ತಿದ್ದವನು ಅವನೇ. ಹಳೇದು ಮುಂದೆ, ಹೊಸದು ಹಿಂದೆ, ಒಂದೂ ತಪ್ಪುತ್ತಿರಲಿಲ್ಲ. ಗೋದಾಮಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಅಲ್ವಾ? ಅವನ ಬಯೋಡೇಟಾದಲ್ಲಿ ನಾವು ಬರೆದ ಮೊದಲ ಸಾಲು ಅದೇ.

ಕಿವಿ ಕೇಳದವರಾದರೆ ಬರೆದು ಮಾತಾಡಿ, ಇಲ್ಲವೇ ಸೈನ್ ಲಾಂಗ್ವೇಜ್ ಬಲ್ಲವರನ್ನು ಕರೆಸಿ. ಮನೆಯವರನ್ನೇ ಅನುವಾದಕ್ಕೆ ಕೂರಿಸಿದರೆ ಉತ್ತರ ಅವರದ್ದಾಗಿಬಿಡುತ್ತದೆ.

ಇನ್ನು ಕಾಗದಪತ್ರ. ಇದರಲ್ಲಿ ಮುಖ್ಯವಾದದ್ದು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತಾರೆ. ಮೀಸಲಾತಿ ಸಿಗಬೇಕಾದರೆ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ತಲಸೇಮಿಯಾ, ಹಿಮೋಫಿಲಿಯಾ, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಅದರೊಳಗೆ ಬರುತ್ತಾರೆ. "ನಮ್ಮ ಹುಡುಗಿಗೆ ಕೈಕಾಲು ಸರಿಯಾಗೇ ಇದೆಯಲ್ಲ, ಕಾರ್ಡು ಯಾಕೆ" ಅಂತ ಸುಮ್ಮನಿರುವವರು ಬೇಕಾದಷ್ಟು ಜನ ಇದ್ದಾರೆ. ಅಂಥವರನ್ನು ಮೊದಲು ಅರ್ಜಿ ಹಾಕಲು ಕಳಿಸುತ್ತೇನೆ. ಆಧಾರ್, ಅಂಕಪಟ್ಟಿ, ಯುಡಿಐಡಿ ಮೂರರಲ್ಲೂ ಹೆಸರು, ಹುಟ್ಟಿದ ತಾರೀಕು ಒಂದೇ ಥರ ಇದೆಯಾ ನೋಡಿಕೊಳ್ಳಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಕೆಲಸ ಸಿಕ್ಕಿದ ಮೇಲೆ ದಾಖಲೆ ನೋಡುವಾಗ ಅದೇ ತಲೆನೋವಾಗುತ್ತದೆ. ತಾತ್ಕಾಲಿಕ ಸರ್ಟಿಫಿಕೇಟಾದರೆ ಅದರ ಅವಧಿ ಯಾವಾಗ ಮುಗಿಯುತ್ತದೆ ಅಂತ ಗುರುತು ಹಾಕಿಕೊಳ್ಳಿ.

ಕಾರ್ಡು ಬರುವವರೆಗೆ ಕಾಯಬೇಡಿ. ತರಬೇತಿ ಹುಡುಕುವ ಕೆಲಸ ಜೊತೆಜೊತೆಗೇ ನಡೆಯಲಿ.

ಎಲ್ಲಿಗೆ ಹೋಗಬೇಕು? ಕರ್ನಾಟಕದಲ್ಲಿ ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ಪಟ್ಟಣದವರಾದರೆ ಯುಆರ್‌ಡಬ್ಲ್ಯೂ (ನಗರ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿಗೆ ನನ್ನಂಥ ಎಂಆರ್‌ಡಬ್ಲ್ಯೂ ಇರುತ್ತಾರೆ. ಜಿಲ್ಲೆಗೆ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಾರ್ಮಿಕ ಇಲಾಖೆ ಅಂಗವಿಕಲರಿಗಾಗಿಯೇ ನಡೆಸುವ ನ್ಯಾಷನಲ್ ಕೆರಿಯರ್ ಸರ್ವಿಸ್ (ಎನ್‌ಸಿಎಸ್) ಸೆಂಟರ್ ಇದೆ. ಹಳಬರು ಅದನ್ನು ಈಗಲೂ ಹಳೆಯ ಹೆಸರಿನಲ್ಲಿ ವಿಆರ್‌ಸಿ ಅಂತಲೇ ಕರೆಯುತ್ತಾರೆ. ಯಾರಿಗೆ ಯಾವ ಕೆಲಸ ಹೊಂದುತ್ತದೆ ಅಂತ ಅಲ್ಲಿ ಪರೀಕ್ಷೆ ಮಾಡಿ ನೋಡುತ್ತಾರೆ, ತರಬೇತಿಯನ್ನೂ ಕೊಡುತ್ತಾರೆ. ಅಂಗವಿಕಲರಿಗಾಗಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳ ಪೈಕಿ 1959ರಿಂದ ಇರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), 1997ರಲ್ಲಿ ಶುರುವಾದ ಸಮರ್ಥನಂ, 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ, ಮೂರೂ ಬೆಂಗಳೂರಿನವೇ. ಕೇಂದ್ರ ಸರ್ಕಾರದ ಪಿಎಂ-ದಕ್ಷ್ ಪೋರ್ಟಲ್‌ನಲ್ಲಿ ಯುಡಿಐಡಿ ಇರುವವರು ತರಬೇತಿಗೂ ಕೆಲಸಕ್ಕೂ ಹೆಸರು ನೋಂದಾಯಿಸಬಹುದು. ಎನ್‌ಸಿಎಸ್ ಪೋರ್ಟಲ್‌ನಲ್ಲೂ ಹೆಸರು ಹಾಕಿಡಿ. ಖರ್ಚೇನಿಲ್ಲ.

ಆದರೆ ಸೇರಿಸುವ ಮುಂಚೆ ವಿಚಾರಿಸಿ. ಕೋರ್ಸ್ ಮುಗಿದ ಮೇಲೆ ಬರೀ ಸರ್ಟಿಫಿಕೇಟ್ ಹಿಡಿದು ಮನೆಗೆ ಬಂದವರನ್ನು ನಾನು ತುಂಬಾ ನೋಡಿದ್ದೇನೆ. ಎಲ್ಲರನ್ನೂ ಟೈಲರಿಂಗ್‌ಗೆ, ಇಲ್ಲವೇ ಡೇಟಾ ಎಂಟ್ರಿಗೆ ತಳ್ಳುವ ಕಡೆ ನನಗೆ ನಂಬಿಕೆ ಕಮ್ಮಿ. ಹೋದ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಅವರಲ್ಲಿ ಒಬ್ಬರ ಹತ್ತಿರ ಫೋನಿನಲ್ಲಿ ಮಾತಾಡಬಹುದಾ ಅಂತ ಕೇಳಿ. ಹಾಸ್ಟೆಲ್ ಇದ್ದರೆ ಬಾತ್‌ರೂಮ್ ಬಾಗಿಲಿನೊಳಗೆ ವೀಲ್‌ಚೇರ್ ಹೋಗುತ್ತದಾ ಅಂತ ನೀವೇ ಹೋಗಿ ನೋಡಿ, ಬ್ರೋಷರ್ ನಂಬಬೇಡಿ. ಪಾಠ ಹೇಳುವವರಿಗೆ ಸೈನ್ ಬರುತ್ತದಾ? ಕಂಪನಿಯೊಳಗೆ ನಿಜವಾದ ಕೆಲಸದ ಮೇಲೆ ಸ್ವಲ್ಪ ದಿನ ಕಳಿಸುತ್ತಾರಾ? ಬುದ್ಧಿ ಬೆಳವಣಿಗೆ ನಿಧಾನ ಇರುವವರಿಗಂತೂ ಈ ಕೊನೆಯದು ಬೇಕೇ ಬೇಕು. ತರಗತಿಯಲ್ಲಿ ಕಲಿತದ್ದನ್ನು ಬೇರೆ ಜಾಗಕ್ಕೆ ಹೊಂದಿಸಿಕೊಳ್ಳುವುದು ಅವರಿಗೆ ಕಷ್ಟ. ಅಲ್ಲೇ ಕಲಿತರೆ ಅಲ್ಲೇ ಮಾಡುತ್ತಾರೆ.

ಕಣ್ಣು ಕಾಣದವರಿಗೆ ಕಂಪ್ಯೂಟರ್ ಕೆಲಸ ಆಗುವುದಿಲ್ಲ ಅನ್ನುವವರು ಇನ್ನೂ ಇದ್ದಾರೆ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಪೂರ್ತಿ ಉಚಿತ. ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಂಡರೆ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಇದೇ ಕೆಲಸ ಮಾಡುವ ಟಾಕ್‌ಬ್ಯಾಕ್ ಮೊದಲೇ ಇರುತ್ತದೆ, ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಸಾಕು. ತರಬೇತಿಗೆ ಹೋಗುವ ಮುಂಚೆಯೇ ಮನೆಯಲ್ಲಿ ಟಾಕ್‌ಬ್ಯಾಕ್ ಅಭ್ಯಾಸ ಆಗಿದ್ದರೆ ಅರ್ಧ ದಾರಿ ಸಾಗಿದ ಹಾಗೆ. ಒಂದು ಮಾತು: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಸ್ಕ್ರೀನ್ ರೀಡರ್ ಓದಿದರೆ ಏನೇನೋ ಅಕ್ಷರ ಕೇಳಿಸುತ್ತದೆ. ಯೂನಿಕೋಡ್ ಕನ್ನಡವೇ ಬೇಕು. ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ವಾರದಲ್ಲೇ ಇದನ್ನು ಹೇಳಿಬಿಡಬೇಕು.

ಸರ್ಕಾರಿ ಕೆಲಸದ ಬಗ್ಗೆ ಎಲ್ಲರಿಗೂ ಆಸೆ, ಇರಲಿ. 2016ರ ಕಾಯ್ದೆಯಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಕಣ್ಣಿನ ತೊಂದರೆಗೆ 1, ಕಿವಿಯ ತೊಂದರೆಗೆ 1, ಕೈಕಾಲಿನ ತೊಂದರೆಗೆ 1. ಆಟಿಸಂ, ಬುದ್ಧಿ ಬೆಳವಣಿಗೆ, ಕಲಿಕೆ, ಮಾನಸಿಕ ಕಾಯಿಲೆ, ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಎಲ್ಲ ಸೇರಿ ಇನ್ನೊಂದು. ಯಾವ ಹುದ್ದೆಗೆ ಯಾವ ಅಂಗವೈಕಲ್ಯದವರು ಅರ್ಜಿ ಹಾಕಬಹುದು ಅಂತ ಅಧಿಸೂಚನೆಯಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದದೆ ಅರ್ಜಿ ಹಾಕಬೇಡಿ. ಕೇಂದ್ರದ ಹುದ್ದೆಗಳಿಗೆ ನೇರ ನೇಮಕಾತಿಯಲ್ಲಿ ವಯಸ್ಸಿನ ಮಿತಿ 10 ವರ್ಷ ಸಡಿಲ. ಬರೆಯುವುದು ಕಷ್ಟ ಇರುವವರಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದರೆ ಅವರು ಹೇಳಿದ್ದನ್ನು ಬರೆದುಕೊಡುವವರ ಸೌಲಭ್ಯವಿದೆ, ಗಂಟೆಗೆ 20 ನಿಮಿಷ ಹೆಚ್ಚಿನ ಸಮಯವೂ ಇದೆ. ಆದರೆ ಅದನ್ನು ಅರ್ಜಿ ಹಾಕುವಾಗಲೇ ಗುರುತು ಮಾಡಿರಬೇಕು. ಪರೀಕ್ಷೆ ದಿನ ಗೇಟಿನ ಹತ್ತಿರ ನಿಂತು ಕೇಳಿದರೆ ಯಾರೂ ಕೊಡುವುದಿಲ್ಲ. ಕಣ್ಣು ಕಾಣುವುದಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯಿಂದ ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿತು. ಹಾಗಾಗಿ "ಇವರಿಗೆ ಈ ಹುದ್ದೆಯಾ" ಅಂತ ನೀವೇ ಮೊದಲು ನಗಬೇಡಿ.

ಸರ್ಕಾರಿ ಕೆಲಸಕ್ಕೆ ಓದುತ್ತಾ ಐದಾರು ವರ್ಷ ಮನೆಯಲ್ಲೇ ಕೂರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಖಾಸಗಿಯಲ್ಲಿ ಕೆಲಸ ಮಾಡುತ್ತಲೇ ಓದಲಿ.

ಖಾಸಗಿಯಲ್ಲಿ ಏನು ಹಕ್ಕಿದೆ ಅಂತ ಕೇಳುತ್ತೀರಿ. ಮೀಸಲಾತಿ ಇಲ್ಲ. ಆದರೆ 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು. ಅಂಗವಿಕಲರಿಗೆ ಸೂಕ್ತವಾದ ಹುದ್ದೆ ಯಾವುದು, ಆಯ್ಕೆ ಹೇಗೆ, ಯಾವ ಉಪಕರಣ, ಯಾವ ಸೌಕರ್ಯ ಕೊಡುತ್ತಾರೆ, ಇದನ್ನೆಲ್ಲ ನೋಡಿಕೊಳ್ಳುವ ಲಿಯೇಸನ್ ಆಫೀಸರ್ ಯಾರು ಅಂತ ಅದರಲ್ಲಿ ಇರಬೇಕು. ಇಂಟರ್‌ವ್ಯೂಗೆ ಮುಂಚೆ ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನು ಹುಡುಕಿ. ಸಿಕ್ಕರೆ ಓದಿಕೊಂಡು ಹೋಗಿ. ಸಿಗದಿದ್ದರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, "ನಿಮ್ಮ ಸಮಾನ ಅವಕಾಶ ನೀತಿಯ ಪ್ರತಿ ಸಿಗಬಹುದೇ" ಅಂತ ಮೆತ್ತಗೆ ಕೇಳಿ. ಕೇಳಿದ್ದಕ್ಕೇ ಅವರ ಧಾಟಿ ಬದಲಾಗಿದ್ದನ್ನು ನಾನು ಕಂಡಿದ್ದೇನೆ.

ಬಯೋಡೇಟಾದಲ್ಲಿ ಅಂಗವೈಕಲ್ಯ ಬರೆಯಬೇಕಾ ಬೇಡವಾ? ಅದು ಅವರ ಇಷ್ಟ. ನನ್ನ ಸಲಹೆ ಏನಂದರೆ, ಬರೆದರೆ ಜೊತೆಗೇ ಏನು ಬೇಕು ಅಂತಲೂ ಒಂದು ಸಾಲು ಬರೆಯಿರಿ. "ಕಿವಿ ಕೇಳಿಸುವುದಿಲ್ಲ. ಸೂಚನೆಗಳನ್ನು ವಾಟ್ಸ್ಯಾಪ್‌ನಲ್ಲಿ ಅಥವಾ ಬರೆದು ಕೊಟ್ಟರೆ ಸಾಕು." ಇಷ್ಟು ಇದ್ದರೆ ಎದುರಿಗೆ ಕೂತವರ ಭಯ ಅರ್ಧ ಇಳಿಯುತ್ತದೆ. ಅವರಲ್ಲಿ ಬಹಳಷ್ಟು ಜನ ಕೆಟ್ಟವರೇನಲ್ಲ, ಹೇಗೆ ಮಾತಾಡಿಸುವುದು ಅಂತ ಗೊತ್ತಿಲ್ಲದವರು.

ಇಂಟರ್‌ವ್ಯೂ ಕೋಣೆಗೆ ನೀವು ಹೋಗಬೇಡಿ. ಸೈನ್ ಅನುವಾದಕರು ಬೇಕಾದರೆ ಮೊದಲೇ ಕೇಳಿಡಿ, ಆದರೆ ಅಪ್ಪ, ಅಣ್ಣ ಹೊರಗಿರಲಿ. ಹಿಂದಿನ ದಿನ ಮನೆಯಲ್ಲಿ ಅಭ್ಯಾಸ ಮಾಡಿಸಿ. ಮುಖ್ಯವಾಗಿ ಈ ಪ್ರಶ್ನೆಗೆ: "ಈ ಕೆಲಸ ನೀವು ಹೇಗೆ ಮಾಡ್ತೀರಿ?" ಉತ್ತರ ಬಾಯಿಮಾತಲ್ಲೇ ಮುಗಿಯಬೇಕಿಲ್ಲ. ಲ್ಯಾಪ್‌ಟಾಪ್ ಕೊಟ್ಟರೆ ಎನ್‌ವಿಡಿಎ ಹಾಕಿ ಎಕ್ಸೆಲ್ ಶೀಟ್ ತೆರೆದು ತೋರಿಸಲಿ.

ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. "ಅಂಗವಿಕಲರ ಕೋಟಾದಲ್ಲಿ ಒಂದು ಸೀಟಿದೆ" ಅನ್ನುವ ಫೋನ್ ಬಂದರಂತೂ ಇಟ್ಟುಬಿಡಿ.

ಕೆಲಸ ಸಿಕ್ಕಿತು ಅಂತ ಸಿಹಿ ಹಂಚಿ ಮರೆತುಬಿಡುತ್ತಾರೆ. ನನ್ನ ಪ್ರಕಾರ ನಿಜವಾದ ಸಹಾಯ ಬೇಕಾಗುವುದೇ ಆಗ. ಬಿಟ್ಟು ಬರುವವರು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಬಿಡುತ್ತಾರೆ. ಕಾರಣ ಕೆಲಸ ಬರುವುದಿಲ್ಲ ಅಂತ ಅಲ್ಲ. ಬಸ್ಸಿನ ಮೆಟ್ಟಿಲು ಎತ್ತರ, ಟಾಯ್ಲೆಟ್ ಇನ್ನೊಂದು ಮಹಡಿಯಲ್ಲಿ, ಊಟಕ್ಕೆ ಯಾರೂ ಜೊತೆಗೆ ಕೂರುವುದಿಲ್ಲ, ಇಂಥವೇ. ಹಾಗಾಗಿ ಸೇರುವ ಮುಂಚೆ ಕೆಲಸದ ಜಾಗಕ್ಕೆ ಅದೇ ಹೊತ್ತಿನಲ್ಲಿ, ಅದೇ ಬಸ್ಸಿನಲ್ಲಿ ಹೋಗಿಬನ್ನಿ. ಭಾನುವಾರ ಖಾಲಿ ರಸ್ತೆಯಲ್ಲಿ ಹೋಗಿಬಂದರೆ ಏನೂ ತಿಳಿಯುವುದಿಲ್ಲ. ಗಾರ್ಮೆಂಟ್ ಫ್ಯಾಕ್ಟರಿಗೆ ಸೇರಿದ್ದ ಕಿವಿ ಕೇಳದ ಹುಡುಗಿಯೊಬ್ಬಳು "ಬೈತಾರೆ" ಅಂತ ಬಿಡಲು ಹೊರಟಿದ್ದಳು. ಹೋಗಿ ನೋಡಿದರೆ, ಸೂಪರ್‌ವೈಸರ್ ಹಿಂದಿನಿಂದ ಕೂಗುತ್ತಿದ್ದರು, ಇವಳು ತಿರುಗುತ್ತಿರಲಿಲ್ಲ, ಅವರಿಗೆ ಸಿಟ್ಟು. ಮೆಷಿನ್ನಿನ ಮುಂದೆ ಬಂದು ನಿಂತು ಕೈ ಆಡಿಸಿ ಅಂದೆವು. ಲೈನಿನಲ್ಲಿ ಪಕ್ಕದವಳು ನಾಲ್ಕಾರು ಸೈನ್ ಕಲಿತಳು. ಅಷ್ಟೇ.

ಇಂಥ ಹೊಂದಾಣಿಕೆ ಬಹಳ ಸಲ ದುಡ್ಡಿನ ಮಾತೇ ಅಲ್ಲ. ಕುರ್ಚಿ ಎತ್ತರ, ಶಿಫ್ಟ್ ಸಮಯ, ಮಾತ್ರೆಗೆ ಬಿಡುವು, ಕೆಲಸದ ಹಂತಗಳ ಚಿತ್ರ ಗೋಡೆಗೆ ಅಂಟಿಸುವುದು. ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿ ಇರುವವರಿಗೆ ರಾತ್ರಿಪಾಳಿ ತಪ್ಪಿಸಿದರೆ ಎಷ್ಟೋ ಸಲ ಅದೇ ಸಾಕಾಗುತ್ತದೆ. ಕೇಳುವಾಗ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನಬೇಡಿ. ಏನು ಬೇಕು, ಯಾಕೆ ಬೇಕು ಅಂತ ಬಿಡಿಸಿ ಮೇಲ್‌ನಲ್ಲಿ ಬರೆಯಿರಿ.

ಸಂಬಳದ ಕಡೆಯೂ ಕಣ್ಣಿರಲಿ. ಒಂದೇ ಕೆಲಸಕ್ಕೆ ಪಕ್ಕದವರಿಗಿಂತ ಕಮ್ಮಿ ಕೊಟ್ಟರೆ ಅದು ದಯೆ ಅಲ್ಲ, ಮೋಸ. ಪಿಎಫ್ ಕಟ್ಟುತ್ತಾರಾ ಕೇಳಿ. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಸೇರಲು ಸಂಬಳದ ಮಿತಿ ಉಳಿದವರಿಗೆ ತಿಂಗಳಿಗೆ 21,000 ರೂಪಾಯಿ ಇದ್ದರೆ, ಅಂಗವಿಕಲರಿಗೆ 25,000. ಇದು ಸಣ್ಣ ಕಂಪನಿಗಳ ಅಕೌಂಟೆಂಟ್‌ಗಳಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಮಾಸಾಶನ ಬರುತ್ತಿದ್ದರೆ ಕೆಲಸಕ್ಕೆ ಸೇರುವ ಮುಂಚೆ ನಾಡಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. "ಪೆನ್ಷನ್ ನಿಂತುಹೋಗುತ್ತೆ" ಅನ್ನುವ ಹೆದರಿಕೆಗೇ ಮಕ್ಕಳನ್ನು ಕೆಲಸಕ್ಕೆ ಕಳಿಸದ ಮನೆಗಳಿವೆ. ತಿಂಗಳ ಸಂಬಳ ಎಷ್ಟು, ಮಾಸಾಶನ ಎಷ್ಟು ಅಂತ ಕಾಗದದ ಮೇಲೆ ಬರೆದು ತೋರಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ.

ತೊಂದರೆ ಆದರೆ ಮೊದಲು ಸಂಸ್ಥೆಯ ಒಳಗೇ ಬರವಣಿಗೆಯಲ್ಲಿ ದೂರು ಕೊಡಿ. ಸರ್ಕಾರಿ ಸಂಸ್ಥೆಯಾದರೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ಕೆಲಸದಲ್ಲಿ ಇರುವಾಗಲೇ ಅಂಗವೈಕಲ್ಯ ಬಂದರೆ ಸರ್ಕಾರಿ ನೌಕರರನ್ನು ತೆಗೆದುಹಾಕುವಂತಿಲ್ಲ, ಕೆಳಗಿನ ಹುದ್ದೆಗೆ ಇಳಿಸುವಂತೆಯೂ ಇಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಒಳಗೆ ನ್ಯಾಯ ಸಿಗದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆಯಬಹುದು, ಅದಕ್ಕೆ ವಕೀಲರೇ ಬೇಕು ಅಂತಿಲ್ಲ. ತಾರೀಕು, ಮೇಲ್‌ಗಳ ಪ್ರತಿ, ಯಾರು ಏನಂದರು, ಇಷ್ಟು ಇಟ್ಟುಕೊಂಡಿರಿ.

ಎಲ್ಲರಿಗೂ ಸಂಬಳದ ಕೆಲಸವೇ ಆಗಬೇಕು ಅಂತಿಲ್ಲ. ಸ್ವಂತ ಉದ್ಯೋಗಕ್ಕೆ ಕೇಂದ್ರದ ದಿವ್ಯಾಂಗಜನ ಹಣಕಾಸು ನಿಗಮ ಸಾಲ ಕೊಡುತ್ತದೆ. ಅದರ ದಾರಿಯನ್ನು ಜಿಲ್ಲಾ ಕಚೇರಿಯಲ್ಲಿ ಕೇಳಿ. ಅಂಗಡಿ ಅವರ ಹೆಸರಲ್ಲಿ, ಗಲ್ಲಾಪೆಟ್ಟಿಗೆ ಇನ್ಯಾರದೋ ಕೈಯಲ್ಲಿ ಇರುವುದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕ್ ಖಾತೆ ಅವರದ್ದೇ ಆಗಿರಲಿ, ಎಟಿಎಂ ಕಾರ್ಡೂ ಅವರ ಹತ್ತಿರವೇ ಇರಲಿ.

ಕೆಲಸದಲ್ಲಿ ನೆಲೆನಿಂತ ಮೇಲೆ ಅವರನ್ನು ಒಂದು ಮಾತು ಕೇಳಿ: ನಾನು ಇನ್ನೂ ಫೋನ್ ಮಾಡುತ್ತಿರಲಾ, ಬೇಡವಾ? "ಬೇಡ" ಅಂದರೆ ಬಿಟ್ಟುಬಿಡಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಯುಡಿಐಡಿ ಪ್ರತಿ ಒಂದು ಫೈಲಿನಲ್ಲಿ ಇಟ್ಟು ಅವರ ಕೈಗೇ ಕೊಡಿ. ಆ ಕೆಲಸ ಬಿಡುವ ದಿನ ಅನುಭವ ಪತ್ರ ಕೇಳಿ ತೆಗೆದುಕೊಳ್ಳಲಿ, ಮುಂದಿನ ಕೆಲಸಕ್ಕೆ ಅದು ಬೇಕಾಗುತ್ತದೆ.