ಕಡಂಬುಟ್ಟಿನ ಲೆಕ್ಕ ಯಾವ ಆ್ಯಪ್‌ನಲ್ಲೂ ಸಿಗಲಿಲ್ಲ, ನಾನೇ ತೂಗಿದೆ

ಊಟ ಬರೆದಿಡುವ ಆ್ಯಪ್‌ಗಳಿಗೆ ದುಡ್ಡು ಕಟ್ಟುವುದನ್ನು ನಿಲ್ಲಿಸಿ ಒಂದು ಮಳೆಗಾಲ ಪೂರ್ತಿ ಕಳೆಯಿತು. ಈಗ ತಿಂದದ್ದನ್ನು ನಾನೇ ತೂಗಿ ಒಂದು ಶೀಟ್‌ನಲ್ಲಿ ಬರೆಯುತ್ತೇನೆ. ತೂಕ ಆರೇಳು ಕೆಜಿ ಇಳಿದಿದೆ. ನಮ್ಮ ಕೊಡಗಿನ ಪಂದಿ ಕರಿ (ಹಂದಿ ಮಾಂಸದ ಅಡುಗೆ) ಬಿಟ್ಟಿಲ್ಲ, ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಬಿಟ್ಟಿಲ್ಲ. "ಶೀಟ್‌ನಲ್ಲಿ ಬರೆದರೆ ಹೊಟ್ಟೆ ಕರಗುತ್ತದಾ?" ಎಂದು ನಕ್ಕ ಬಾವನೇ ಈಗ ಆ ಶೀಟ್ ಕಳಿಸು ಎನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಲೊರಿ ಎಂದರೇನು, ಪ್ರೋಟೀನ್ ಯಾಕೆ ಬೇಕು ಎಂಬುದೆಲ್ಲ ನಿಮಗೆ ಗೊತ್ತೇ ಇರುತ್ತದೆ, ಅಲ್ವಾ?

ಮೊದಲು ದುಡ್ಡಿನ ವಿಷಯ. ಒಂದು ಆ್ಯಪ್‌ಗೆ ವರ್ಷಕ್ಕೆ ಎರಡು ಸಾವಿರದ ಹತ್ತಿರ ಕಟ್ಟಿದೆ. ಇನ್ನೊಂದಕ್ಕೆ ತಿಂಗಳಿಗೆ ಮುನ್ನೂರು ಚಿಲ್ಲರೆ. ಆಟೋಪೇ ನಿಲ್ಲಿಸುವುದು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಇನ್ನೊಂದು ತಿಂಗಳ ದುಡ್ಡೂ ಹೋಯಿತು.

ಇಷ್ಟು ಕೊಟ್ಟು ಸಿಕ್ಕಿದ್ದೇನು? ಕಡಂಬುಟ್ಟು ಎಂದು ಕನ್ನಡದಲ್ಲಿ ಹುಡುಕಿದರೆ ಏನೂ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಎರಡು ಬಂದವು. ಒಂದರಲ್ಲಿ 40 ಕ್ಯಾಲೊರಿ, ಇನ್ನೊಂದರಲ್ಲಿ 200ರ ಮೇಲೆ. ಎರಡಕ್ಕೂ ಅಳತೆ "ಒಂದು ಪೀಸ್". ಯಾರ ಮನೆಯ ಪೀಸ್? ಪಾಪುಟ್ಟು (ನಮ್ಮ ಅಕ್ಕಿ ತರಿಯ ಹಬೆ ತಿಂಡಿ) ಎಂದರೆ ಕೇರಳದ ಪುಟ್ಟು ತೋರಿಸಿತು. ನೂಪುಟ್ಟಿಗೆ (ನಮ್ಮ ಒತ್ತು ಶಾವಿಗೆ) ಇಡಿಯಪ್ಪಂ, ಅದು ಪರವಾಗಿಲ್ಲ, ಹತ್ತಿರದ ನೆಂಟನೇ. ಅಕ್ಕಿ ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ಎಂದರೆ ಮಾತ್ರ ಈರುಳ್ಳಿ, ಎಣ್ಣೆ ಹಾಕಿದ ಮೈಸೂರು ಕಡೆಯ ಅಕ್ಕಿ ರೊಟ್ಟಿ ಬಂತು. ನಮ್ಮ ಒಟ್ಟಿಯಲ್ಲಿ ಎಣ್ಣೆ ಎಲ್ಲಿದೆ? ಪಂದಿ ಕರಿಗೆ ಹತ್ತಿರ ಹತ್ತಿರ ಹತ್ತು ನಮೂನೆ ಬಂತು, ನೂರು ಗ್ರಾಂಗೆ 150ರಿಂದ 400ರವರೆಗೆ. ಹೆಚ್ಚಿನದನ್ನು ಬಳಸುವವರೇ ತುಂಬಿಸಿರುತ್ತಾರೆ, ಯಾರೂ ಸರಿ ನೋಡುವುದಿಲ್ಲ. ದುಡ್ಡು ಕೊಟ್ಟರೆ ಬಣ್ಣದ ಚಾರ್ಟ್ ಜಾಸ್ತಿ ಸಿಗುತ್ತದೆ, ತಿಂಡಿ ಜಾಸ್ತಿ ಸಿಗುವುದಿಲ್ಲ. ದೂರು ಬರೆದರೆ "ಹೊಸ ಆಹಾರವನ್ನು ನೀವೇ ಸೇರಿಸಬಹುದು" ಎಂಬ ಉತ್ತರ. ದುಡ್ಡೂ ನಂದು, ಟೈಪಿಂಗೂ ನಂದು.

ಫೋಟೋ ತೆಗೆದರೆ ಗುರುತಿಸುವ ಸೌಲಭ್ಯವೂ ಇತ್ತು. ಕಡಂಬುಟ್ಟನ್ನು ಒಮ್ಮೆ ರಸಗುಲ್ಲ ಎಂದಿತು, ಒಮ್ಮೆ ಬೇಯಿಸಿದ ಮೊಟ್ಟೆ ಎಂದಿತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟ್ ಹೋಗಿ ಟವರ್ ಸತ್ತರೆ ಅದೂ ಇಲ್ಲ. ನಮ್ಮ ಕಡೆ ಅದು ಎಷ್ಟು ಸಲ ಎಂದು ಹೇಳಬೇಕಾ?

ಆಮೇಲೆ ನಾನು ಮಾಡಿದ್ದು ಸರಳ. ಮನೆಯಲ್ಲಿ ನಾವು ತಿನ್ನುವುದು ತಿರುಗಿ ತಿರುಗಿ ಇಪ್ಪತ್ತು ಇಪ್ಪತ್ತೈದು ಅಡುಗೆ, ಅಷ್ಟೇ. ಲಕ್ಷಗಟ್ಟಲೆ ತಿಂಡಿ ಇರುವ ಡೇಟಾಬೇಸ್ ನನಗೆ ಯಾಕೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 528 ಪದಾರ್ಥಗಳಿವೆ. ಅಕ್ಕಿ, ತೆಂಗಿನಕಾಯಿ, ಬೆಲ್ಲಕ್ಕೆ ಅದು ಸಾಕು. ಒಂದು ಎಚ್ಚರಿಕೆ: ಅದರಲ್ಲಿ ಶಕ್ತಿ ಕಿಲೋಜೂಲ್‌ನಲ್ಲಿದೆ. ಕ್ಯಾಲೊರಿ ಬೇಕಾದರೆ 4.184ರಿಂದ ಭಾಗಿಸಬೇಕು. ಅಕ್ಕಿಗೆ 1491 ಎಂದಿದೆ, ಅಂದರೆ ನೂರು ಗ್ರಾಂಗೆ 356 ಕ್ಯಾಲೊರಿ. ಹಂದಿ ಮಾಂಸದ ಬೇರೆ ಬೇರೆ ಭಾಗಕ್ಕೆ ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್ ವೆಬ್‌ಸೈಟ್ ನೋಡಿದೆ. ಅದಕ್ಕೆ ಪೈಸೆ ಖರ್ಚಿಲ್ಲ.

ತಕ್ಕಡಿ ನಾನೂರು ರೂಪಾಯಿ ಆಸುಪಾಸು, ಅಡುಗೆ ಮನೆಯ ಮಾಮೂಲಿ ಡಿಜಿಟಲ್ ತಕ್ಕಡಿ. ಹಸಿ ಪದಾರ್ಥ ತೂಗು, ಬೆಂದ ಮೇಲೆ ಪಾತ್ರೆ ಸಮೇತ ತೂಗು, ಪಾತ್ರೆಯ ತೂಕ ಕಳೆ. ಪಾತ್ರೆಗಳ ತೂಕವನ್ನು ತಳದಲ್ಲಿ ಬರೆಯಲು ಹೋಗಿ ಸೋತೆ. ಮಾರ್ಕರ್ ಒಂದು ತೊಳೆತಕ್ಕೇ ಹೋಗುತ್ತದೆ, ನೈಲ್ ಪಾಲಿಶ್ ಒಲೆ ಶಾಖಕ್ಕೆ ಕರಕಲು. ಈಗ ಕಪಾಟಿನ ಬಾಗಿಲ ಒಳಗೆ ಪಟ್ಟಿ ಅಂಟಿಸಿದ್ದೇನೆ.

ದೊಡ್ಡ ತೊಂದರೆ ಅವ್ವ. ಅವರದ್ದು ಕೈ ಅಳತೆ. "ಎಂತ, ಅಂಗಡಿ ಇಡುತ್ತೀಯಾ?" ಎಂದು ಬೈದರು. ಅವರು ತೂಗಿ ಹಾಕುವುದಿಲ್ಲ, ಹೇಳಿಯೂ ಪ್ರಯೋಜನವಿಲ್ಲ. ಹಾಗಾಗಿ ತರಿಯ ಡಬ್ಬವನ್ನು ಅಡುಗೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿದೆ. ಕಡಿಮೆಯಾದದ್ದೆಲ್ಲ ಪಾತ್ರೆಗೆ ಹೋಗಿದೆ. ಎಣ್ಣೆ ಬಾಟಲಿಗೂ ಇದೇ, ಬೆಲ್ಲದ ಡಬ್ಬಕ್ಕೂ ಇದೇ. ಇದು ಹೊಳೆದ ದಿನ ನಾನು ಸ್ವಲ್ಪ ಮೆರೆದೆ ಅನ್ನಿ.

ಕಡಂಬುಟ್ಟು: ಅರ್ಧ ಕೆಜಿ ತರಿ, ಒಂದೂಕಾಲು ಲೀಟರ್ ನೀರು, ಅರ್ಧ ತೆಂಗಿನಕಾಯಿ ತುರಿ. ಬೆಂದ ಮೇಲೆ ಒಂದೂವರೆ ಕೆಜಿ ಬಂತು. ನೂರು ಗ್ರಾಂಗೆ 140 ಕ್ಯಾಲೊರಿ ಚಿಲ್ಲರೆ. ನಮ್ಮ ಮನೆಯ ಉಂಡೆ ಅರವತ್ತು ಗ್ರಾಂ, ಅಂದರೆ ಒಂದಕ್ಕೆ 85. ಆ್ಯಪ್‌ನ ಎರಡು ಉತ್ತರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಕ್ಕಿ ಒಟ್ಟಿ ಒಂದಕ್ಕೆ 130ರ ಹತ್ತಿರ. ಅದರಲ್ಲಿ ನೀರು ಆರಿರುತ್ತದಲ್ಲ, ನೋಡಲು ತೆಳ್ಳಗಿದ್ದರೂ ಕ್ಯಾಲೊರಿ ಅದರಲ್ಲೇ ಜಾಸ್ತಿ.

ಪಂದಿ ಕರಿ ನನ್ನನ್ನು ತಿಂಗಳುಗಟ್ಟಲೆ ಸತಾಯಿಸಿತು. ಒಂದು ಸಲ ನೂರು ಗ್ರಾಂಗೆ 190 ಬಂದರೆ ಇನ್ನೊಂದು ಸಲ 330. ಕಾರಣ ನೆಣ, ಅಂದರೆ ಹಂದಿಯ ಕೊಬ್ಬು. ಅಂಗಡಿಯವರು ಯಾವ ಭಾಗ ಹಾಕುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ. ಹೊಟ್ಟೆಯ ಭಾಗ ಹಸಿಯಲ್ಲೇ ನೂರು ಗ್ರಾಂಗೆ 518 ಕ್ಯಾಲೊರಿ, ಅರ್ಧಕ್ಕಿಂತ ಜಾಸ್ತಿ ಕೊಬ್ಬೇ. ಮೇಲಿಂದ ಸೌಟು ಹಾಕಿದವನಿಗೆ ನೆಣ, ತಳದಿಂದ ತೆಗೆದವನಿಗೆ ಮಾಂಸ. ಸರಾಸರಿ ಹಿಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಮೇಲೆ ಗಟ್ಟಿಯಾದ ನೆಣವನ್ನು ಬೇರೆ ತೆಗೆದು ತೂಗಿದೆ. ಒಂದು ಕೆಜಿ ಮಾಂಸಕ್ಕೆ 120ರಿಂದ 150 ಗ್ರಾಂ. ಗ್ರಾಂಗೆ 9 ಕ್ಯಾಲೊರಿ ಲೆಕ್ಕದಲ್ಲಿ ಅದೇ ಸಾವಿರ ದಾಟಿತು! ನೆಣ ಪೂರ್ತಿ ತೆಗೆದರೆ ರುಚಿ ಸತ್ತೇ ಹೋಗುತ್ತದೆ. ಎಷ್ಟು ವಾಪಸ್ ಹಾಕಬೇಕು, ಯಾವಾಗ ಹಾಕಬೇಕು ಎಂಬುದು ನನ್ನ ಹತ್ತಿರ ಇರಲಿ.

ಈ ಗಲಾಟೆಯಲ್ಲಿ ಪಂದಿ ಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯ ಹಿಂದೆಯೂ ಹೋದೆ. ಅದೇ ಹುಳಿಯ ಹಣ್ಣಿನ ಸಾರವನ್ನು ಗಾರ್ಸಿನಿಯಾ ಮಾತ್ರೆ ಎಂದು ತೂಕ ಇಳಿಸಲು ಮಾರುತ್ತಾರೆ. ಒಂದು ಡಬ್ಬಿ ಮಾತ್ರೆಯ ಬೆಲೆಗೆ ವರ್ಷದ ಕಾಚಂಪುಳಿ ಬರುತ್ತದೆ ಎಂದು ದಿನಾ ಒಂದು ಚಮಚ ನೀರಿಗೆ ಹಾಕಿ ಕುಡಿದು ನೋಡಿದೆ. ಹಲ್ಲು ಜುಂ ಎಂದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಮೆರಿಕದಲ್ಲಿ 12 ವಾರ ಪರೀಕ್ಷೆ ಮಾಡಿ, ಮಾತ್ರೆಯಿಂದ ಹೇಳಿಕೊಳ್ಳುವಷ್ಟು ತೂಕ ಇಳಿಯಲಿಲ್ಲ ಎಂದು 1998ರಲ್ಲೇ ಜಾಮಾ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕಾಚಂಪುಳಿ ಪಂದಿ ಕರಿಗೇ ಸರಿ.

ನಿಜವಾಗಿ ತೂಕ ಇಳಿಸಿದ್ದು ಬೆಲ್ಲದ ಕಾಫಿಯ ಲೆಕ್ಕ. ಆ್ಯಪ್‌ನಲ್ಲಿ ಕಪ್ಪು ಕಾಫಿ ಎಂದು ಒತ್ತಿದರೆ ಎರಡು ಮೂರು ಕ್ಯಾಲೊರಿ. ಬೆಲ್ಲದ ಡಬ್ಬ ತೂಗಿದಾಗ ಲೋಟಕ್ಕೆ ಹದಿನೈದು ಗ್ರಾಂ ಹೋಗುತ್ತಿತ್ತು, 50ರ ಮೇಲೆ. ತೋಟದಲ್ಲಿ ಕೆಲಸ ಇರುವ ದಿನ ಐದು ಲೋಟ ಲೆಕ್ಕಕ್ಕೇ ಇಲ್ಲ. ಮೂರು ಕಡಂಬುಟ್ಟು ಸುಮ್ನೆ ಕುಡಿದ ಹಾಗೆ. ಬೆಲ್ಲ ಅರ್ಧ ಮಾಡಿದೆ, ಪೂರ್ತಿ ಬಿಡಲು ಆಗಲಿಲ್ಲ.

ಲೆಕ್ಕ ಹಾಕಲು ಬಾಕಿ ಇರುವುದು ಕಕ್ಕಡ 18ನೇ ದಿನ ಮಾಡುವ ಮದ್ದು ಸೊಪ್ಪಿನ (ಔಷಧಿ ಸೊಪ್ಪಿನ) ಪಾಯಸ ಮತ್ತು ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮಾಡುವ ತಂಬುಟ್ಟು ಎಂಬ ಸಿಹಿ. ಪಾಯಸದಲ್ಲಿ ಸೊಪ್ಪಿನ ರಸಕ್ಕಿಂತ ಬೆಲ್ಲ, ಕಾಯಿ ಹಾಲಿನದೇ ಲೆಕ್ಕ. ಅದು ಸುಲಭ. ತಂಬುಟ್ಟಿಗೆ ಬಾಳೆಹಣ್ಣು ಕಲಸಿ, ಮೇಲೆ ತುಪ್ಪ ಎಷ್ಟು ಸುರಿಯುತ್ತಾರೆ ಎಂಬುದು ಬಡಿಸುವವರ ಪ್ರೀತಿಗೆ ಬಿಟ್ಟದ್ದು. ಈ ಪುತ್ತರಿಗೆ ತುಪ್ಪದ ಡಬ್ಬವನ್ನು ಅವ್ವನಿಗೆ ಗೊತ್ತಾಗದಂತೆ ತೂಗಬೇಕು.