ಮಾತ್ರೆ ಕೊಡದ ಡಾಕ್ಟರು
"ಮಾತ್ರೆ ಕೊಡಲ್ಲ ಅಂದ್ರೆ ನೀವೆಂಥ ಡಾಕ್ಟ್ರು?" ಮಡಿಕೇರಿ ಹತ್ತಿರ ಪ್ರಕೃತಿ ಚಿಕಿತ್ಸೆ ಮಾಡುವ ನನಗೆ ಇದು ಮಾಮೂಲಿ ಪ್ರಶ್ನೆ. ನಾನು ಓದಿದ್ದು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಂಗರಚನೆ, ರೋಗಲಕ್ಷಣ ಎಲ್ಲ ನಾವೂ ಕಲಿಯುತ್ತೇವೆ. ದಾರಿ ಬೇರೆಯಾಗುವುದು ಚಿಕಿತ್ಸೆಯಲ್ಲಿ.

ಅಲೋಪಥಿಯಲ್ಲಿ ಮಾತ್ರೆ, ಇಂಜೆಕ್ಷನ್, ಆಪರೇಷನ್ ಕೆಲಸ ಮಾಡುತ್ತವೆ. ಆಯುರ್ವೇದದಲ್ಲಿ ನಮ್ಮ ಹಾಗೇ ಪಥ್ಯ ಇದೆ, ಆದರೆ ಕಷಾಯ, ಲೇಹ್ಯವೂ ಇದೆ. ಹೋಮಿಯೋಪಥಿಯ 30ಸಿ ಗುಳಿಗೆ ಅಂದರೆ ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳು ಮಾಡಿದ್ದು. ಮೂಲ ವಸ್ತುವಿನ ಒಂದು ಕಣವೂ ಅದರಲ್ಲಿ ಉಳಿದಿರುವುದಿಲ್ಲ. ನನಗೆ ಅದರ ಮೇಲೆ ನಂಬಿಕೆ ಇಲ್ಲ, ಸ್ನೇಹಿತರು ಬೈದರೂ ಸರಿ. ನಮ್ಮಲ್ಲಿ ಮಣ್ಣು, ನೀರು, ಬಿಸಿಲು, ಊಟ, ಉಪವಾಸ, ಯೋಗ ಅಷ್ಟೇ. ದುಡಿಯಬೇಕಾದ್ದು ರೋಗಿ. ಅದಕ್ಕೇ ಸುಮಾರು ಜನ ಅರ್ಧಕ್ಕೇ ಬಿಡುತ್ತಾರೆ. ಹಾಗಂತ ಕೊಡಗಿನಲ್ಲಿ ಕೂತು ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಸಕ್ಕರೆ ಬಿಡಿಸುತ್ತೇನೆ, ಸಂಜೆಯ ಲೋಟ ಕಾಫಿ ಬಿಡಿಸುತ್ತೇನೆ.

ಮಣ್ಣಿನ ಪಟ್ಟಿ ಸುಲಭ ಅಂತ ಅನಿಸುತ್ತೆ, ಅಲ್ವಾ? ಇಲ್ಲಿ ಮಣ್ಣು ಹುಡುಕುವುದೇ ಕಷ್ಟ. ಕಾಫಿ, ಕರಿಮೆಣಸಿಗೆ ಶಿಲೀಂಧ್ರ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ಹಾಗಾಗಿ ತೋಟದ ಮೇಲ್ಮಣ್ಣು ನಾನು ಮುಟ್ಟುವುದಿಲ್ಲ. ಏನೂ ಸಿಂಪಡಿಸದ ಜಾಗದಲ್ಲಿ 3-4 ಅಡಿ ಅಗೆಸಿ, ಬಿಸಿಲಿಗೆ ಹರವಿ, ಜರಡಿ ಹಿಡಿದು ಡ್ರಮ್ಮಿಗೆ ತುಂಬಿಸುತ್ತೇನೆ. ಇದೆಲ್ಲ ಏಪ್ರಿಲ್ ಒಳಗೆ ಮುಗಿಯಬೇಕು, ಜೂನ್ ಬಂತೆಂದರೆ ಬಿಸಿಲೇ ಇಲ್ಲ. ಹಿಂದಿನ ರಾತ್ರಿ ನೆನೆಸಿಟ್ಟ ಮಣ್ಣನ್ನು ಬಟ್ಟೆಯಲ್ಲಿ ಮಡಚಿ ಹೊಟ್ಟೆಯ ಮೇಲೆ 20-30 ನಿಮಿಷ ಇಡುತ್ತೇನೆ. ಮಣ್ಣು ವಿಷ ಹೀರುತ್ತದೆ ಅನ್ನುವವರಿದ್ದಾರೆ, ನಾನು ಹಾಗೆ ಹೇಳುವುದಿಲ್ಲ. ಅದು ತಂಪನ್ನು ಹಿಡಿದಿಡುತ್ತದೆ, ರೋಗಿಗೆ ಹಾಯೆನಿಸುತ್ತದೆ. ಸುರಿಯೋ ಮಳೆಯಲ್ಲಿ, ಅದರಲ್ಲೂ ಉಬ್ಬಸ ಇದ್ದವರಿಗೆ, ತಣ್ಣನೆಯ ಪಟ್ಟಿ ಹಾಕುವುದೇ ಇಲ್ಲ. ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತೇನೆ.

ನನ್ನ ಹತ್ತಿರ ಜಾಸ್ತಿ ಬರುವವರು ಶುಗರ್, ಬಿಪಿ, ಮಂಡಿನೋವು, ಮಲಬದ್ಧತೆ ಇರುವವರು. ಮೊದಲ ದಿನವೇ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಇಡಿಸುತ್ತೇನೆ. ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ಕಂಡರೆ ಉಪವಾಸದ ಮಾತೇ ಇಲ್ಲ. ಊಟ ಮಾಡಿದರೂ ಬಿಟ್ಟರೂ ಅದು ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆ ಖಾಲಿ ಇದ್ದರೆ ಶುಗರ್ ಕುಸಿದು ಮೈ ಬೆವರಿ, ಕೈ ನಡುಗಿ, ಪ್ರಜ್ಞೆಯೂ ತಪ್ಪಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರದೂ ಇದೇ ಕಥೆ. ಡಪಾಗ್ಲಿಫ್ಲೋಜಿನ್ ಅನ್ನುವ ಇನ್ನೊಂದು ಶುಗರ್ ಮಾತ್ರೆ ಇದ್ದರೆ ಬೇರೆ ಅಪಾಯ, ಉಪವಾಸದಲ್ಲಿ ರಕ್ತದಲ್ಲಿ ಆಮ್ಲ ಏರಬಹುದು. ಅವರ ಫಿಜಿಷಿಯನ್‌ಗೆ ನಾನೇ ಫೋನ್ ಮಾಡುತ್ತೇನೆ. ಡೋಸ್ ಬದಲಿಸುವುದು ಅವರ ಕೆಲಸ. ನಾನು ರಾತ್ರಿಯ ಅಕ್ಕಿರೊಟ್ಟಿ ಎರಡರಿಂದ ಒಂದಕ್ಕಿಳಿಸಿ, ಪಕ್ಕದಲ್ಲಿ ಪಲ್ಯ ಜಾಸ್ತಿ ಮಾಡಿಸುತ್ತೇನೆ. ಊಟವಾದ ಮೇಲೆ ನಡೆಸುತ್ತೇನೆ. "ಪ್ರಕೃತಿ ಚಿಕಿತ್ಸೆಗೆ ಬಂದೆ, ಇನ್ನು ಮಾತ್ರೆ ಎಸೀಬಹುದಾ ಡಾಕ್ಟ್ರೇ?" ಅಂತ ಕೇಳುವವರಿಗೆ ಕಾಫಿ ಬಿಡಿ ಅನ್ನಲಾಗದ ನಾನೂ ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ.

ಮಳೆಗಾಲದ ಜ್ವರವನ್ನಂತೂ ಇಟ್ಟುಕೊಳ್ಳುವುದೇ ಇಲ್ಲ. ನಾಟಿ ಕೆಲಸಕ್ಕೆ ಗದ್ದೆಗಿಳಿದವರು ಕೆಂಪು ಕಣ್ಣು, ಮೀನಖಂಡದ ನೋವು ಅಂತ ಬಂದರೆ ನನಗೆ ಮೊದಲು ಅನುಮಾನ ಬರುವುದು ಇಲಿ ಜ್ವರ. ಅದಕ್ಕೆ ಬೇಗ ಆಂಟಿಬಯಾಟಿಕ್ ಸಿಗಬೇಕು, ತಡವಾದರೆ ಕಿಡ್ನಿ, ಲಿವರ್‌ಗೆ ಪೆಟ್ಟು. ಒದ್ದೆ ಬಟ್ಟೆ ಹಾಕಿ ಕಾಯುತ್ತಾ ಕೂರುವ ಕಾಯಿಲೆ ಅದಲ್ಲ. ಚೀಟಿ ಬರೆದು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸುತ್ತೇನೆ. ಜ್ವರ ಬಿಟ್ಟ ಮೇಲೆ ಬಾಯಿ ರುಚಿ ಇಲ್ಲ, ನಿದ್ದೆ ಇಲ್ಲ ಅಂತ ಕೆಲವರು ವಾಪಸ್ ಬರುತ್ತಾರೆ. ಅವರಿಗೆ ಗಂಜಿ, ಹಣ್ಣು, ಹಗುರ ಮಸಾಜ್, ಸ್ವಲ್ಪ ಪ್ರಾಣಾಯಾಮ.