ಗುಜರಿಗೆ ಹೋಗಬೇಕಿದ್ದ ಲ್ಯಾಪ್‌ಟಾಪ್ ಎಂಟೂವರೆ ಸಾವಿರಕ್ಕೆ ಹೋಯಿತು

"ಗುಜರಿಗೆ ಹಾಕೋ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದಿದ್ದರು ಭಾವ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯವನು ಮುಚ್ಚಳ ಕೂಡ ತೆಗೆಯದೆ 3,000 ಅಂದ. 2013ರಲ್ಲಿ ಕೊಂಡ ಮೂರನೇ ಜನರೇಷನ್ ಇಂಟೆಲ್ ಐ5 ಪ್ರೊಸೆಸರಿನ ಲ್ಯಾಪ್‌ಟಾಪ್ ಅದು. ಕಳೆದ ತಿಂಗಳು 8,500ಕ್ಕೆ ಮಾರಿದೆ.

ಮಾರುವ ಮೊದಲು ನಮ್ಮ ಕಡತಗಳನ್ನೆಲ್ಲ ಅಳಿಸಬೇಕಲ್ಲ, ಆ ವಿಷಯದಲ್ಲಿ ನಾನು ಒಮ್ಮೆ ಮಾನ ಕಳೆದುಕೊಂಡವನು. ಹಿಂದೆ ಒಂದು ಡೆಸ್ಕ್‌ಟಾಪನ್ನು ಕ್ವಿಕ್ ಫಾರ್ಮ್ಯಾಟ್ (ಕಡತಗಳ ಪಟ್ಟಿ ಮಾತ್ರ ಅಳಿಸುವುದು) ಮಾಡಿ, ಹೊಸ ವಿಂಡೋಸ್ ಹಾಕಿ ಕೊಟ್ಟಿದ್ದೆ. ಮೂರನೇ ದಿನ ಕೊಂಡವರಿಂದ ವಾಟ್ಸಾಪ್ ಬಂತು. ನನ್ನ ಪ್ಯಾನ್ ಕಾರ್ಡು, ಜೊತೆಗೆ ಹೆಂಡತಿಯ ಸೀಮಂತದ ಫೋಟೊಗಳು! ಕುತೂಹಲಕ್ಕೆ, ಅಳಿಸಿದ ಕಡತ ಹುಡುಕಿಕೊಡುವ ಫೋಟೊರೆಕ್ ತಂತ್ರಾಂಶ ಓಡಿಸಿ ನೋಡಿದರಂತೆ. ಒಳ್ಳೆಯ ಮನುಷ್ಯ, ಅಷ್ಟಕ್ಕೇ ಬಿಟ್ಟರು. ಮನೆಯಲ್ಲಿ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ.

ಆ ಹೆದರಿಕೆಗೆ ಮುಂದಿನ 500 ಜಿಬಿ ಹಾರ್ಡ್‌ಡಿಸ್ಕಿಗೆ ಡಿಸ್ಕಿನ ತುಂಬ ಬೇರೇನೋ ಬರೆದು ಅಳಿಸುವ ಎನ್‌ವೈಪ್‌ನಲ್ಲಿ ಮೂರು ಸುತ್ತು ಹಾಕಿ ಮಲಗಿದೆ. ಬೆಳಗಿನ ಜಾವ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿರುಚಿ ಸುಮ್ಮನಾಯಿತು. ಮತ್ತೆ ಮೊದಲಿನಿಂದ. ಬೇಸತ್ತು ಈ ಸಲ ಸೊನ್ನೆ ಬರೆಯುವ ಒಂದೇ ಸುತ್ತು ಹಾಕಿದೆ, ಎರಡು ಗಂಟೆಯೊಳಗೆ ಮುಗಿಯಿತು. ನಾನೇ ಫೋಟೊರೆಕ್ ಓಡಿಸಿದೆ. ಒಂದು ಫೋಟೊ ಕೂಡ ಸಿಗಲಿಲ್ಲ. ಅವತ್ತಿನಿಂದ ಹಾರ್ಡ್‌ಡಿಸ್ಕಿಗೆ ಒಂದೇ ಸುತ್ತು. ಏಳು ಸುತ್ತು ಬೇಕು ಅನ್ನುವವರ ಜೊತೆ ವಾದಕ್ಕೆ ಇಳಿಯುವುದಿಲ್ಲ.

ಈ ಲ್ಯಾಪ್‌ಟಾಪಿಗೆ ಮೊದಲೇ ಹಾರ್ಡ್‌ಡಿಸ್ಕಿನ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಹಾಕಿಸಿದ್ದೆ. ಅದಕ್ಕೆ ಎನ್‌ವೈಪ್ ಸರಿಯಲ್ಲ, ಡಿಸ್ಕಿಗೇ ಅಳಿಸಿಕೋ ಅಂತ ಹೇಳುವ ಸೆಕ್ಯೂರ್ ಇರೇಸ್ ಬೇಕು, ಅದನ್ನು ಲಿನಕ್ಸ್‌ನ ಎಚ್‌ಡಿಪಾರ್ಮ್ ತಂತ್ರಾಂಶದಿಂದ ಕೊಡಬೇಕು. ಆದರೆ ಡಿಸ್ಕ್ "ಫ್ರೋಜನ್" ಅಂತ, ಅಂದರೆ ಅಳಿಸುವ ಆಜ್ಞೆ ಕೇಳುವುದಿಲ್ಲ ಅಂತ ಹಟ ಹಿಡಿಯಿತು. ಒಂದು ಭಾನುವಾರ ಪೂರ್ತಿ ಬಯಾಸ್‌ನಲ್ಲಿ ತಡಕಾಡಿದೆ. ಕೊನೆಗೆ ಮದ್ದು ಏನು ಗೊತ್ತಾ? ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಲ್ಯಾಪ್‌ಟಾಪನ್ನು ಒಮ್ಮೆ ಮಲಗಿಸಿ ಎಬ್ಬಿಸುವುದು. ಅಷ್ಟೇ. ಆಮೇಲೆ ಅಳಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.

ಅಳಿಸಿದ ಮೇಲೆ ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು ಅನ್ನೋದೇ ದೊಡ್ಡ ತಲೆನೋವು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಷನ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ತಂತ್ರಾಂಶದಲ್ಲಿ ಆ ತಪಾಸಣೆ ತಪ್ಪಿಸಿ ಹಾಕಿ ನೋಡಿದೆ. ಎರಡು ವಾರ ಚೆನ್ನಾಗಿಯೇ ಓಡಿತು. ಆದರೆ ನಾಳೆ ದೊಡ್ಡ ಅಪ್‌ಡೇಟ್ ಬರದಿದ್ದರೆ ಫೋನ್ ಬರುವುದು ನನಗೇ ಅಲ್ವಾ? ತೆಗೆದುಬಿಟ್ಟೆ.

ವಿಂಡೋಸ್ ಬದಲಿಗೆ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಪೆನ್‌ಡ್ರೈವ್ ಮೆನುವಿನಲ್ಲಿ ಮಾರುವವರಿಗೆಂದೇ ಓಇಎಂ ಇನ್‌ಸ್ಟಾಲ್ ಅಂತಲೇ ಒಂದು ಆಯ್ಕೆ ಇದೆ, ಯಾರೂ ಅದರ ಕಡೆ ನೋಡುವುದಿಲ್ಲ. ಅಪ್‌ಡೇಟು, ವೈಫೈ, ಕನ್ನಡದ ಕಗಪ ಕೀಲಿಮಣೆ ಎಲ್ಲ ಸರಿಮಾಡಿ ಸಾಗಿಸಲು ಸಿದ್ಧ ಅಂತ ಒತ್ತಿದರೆ, ಕೊಂಡವರು ಆನ್ ಮಾಡಿದಾಗ ಅವರದೇ ಹೆಸರು ಕೇಳುತ್ತದೆ. ಡಬ್ಬಿ ಒಡೆದ ಹೊಸ ಲ್ಯಾಪ್‌ಟಾಪ್ ಥರ.

"ಲಿನಕ್ಸ್ ಯಾರೋ ತಗೋತಾರೆ?" ಅಂತ ಭಾವ ನಕ್ಕಿದ್ದರು. ತಗೊಂಡವರು ತುಮಕೂರಿನ ಕಡೆಯ ಮೇಷ್ಟ್ರು. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಬೇಕಿತ್ತು. ಅವರ ಹಳೆಯ ನುಡಿ ಫಾಂಟಿನ ಕಡತಗಳನ್ನು ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಬರೀ ಗೀಚು. ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು ಸಾರ್ ಅಂತ ಮೊದಲೇ ಹೇಳಿದೆ. ಹತ್ತು ಹನ್ನೆರಡು ಕಡತ ನಾನೇ ಬದಲಿಸಿ ಕೊಟ್ಟೆ. ಬ್ಯಾಟರಿ ಮುಕ್ಕಾಲು ಗಂಟೆ ಅಷ್ಟೇ ಅಂತಲೂ ಹೇಳಿದೆ. ಅದಕ್ಕೇ 500 ಇಳಿಸಿದರು.

ಖರ್ಚು? ಹಳೆಯ 4 ಜಿಬಿ ರ‍್ಯಾಮ್ ಸುಮಾರು 450, ಕೀಬೋರ್ಡ್ 700, ಪ್ರೊಸೆಸರಿಗೆ ಹಚ್ಚುವ ಪೇಸ್ಟು ಗೀಸ್ಟು ಸೇರಿ 1,300 ಒಳಗೆ. ಕೀಬೋರ್ಡ್ ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ಮುಚ್ಚಳದ ಮೇಲಿನ ಅಂಟು ಹೋಗಿಸಿದ್ದು ಹೇಗೆ ಅನ್ನೋದನ್ನೂ.

ಭಾವ ಈಗ ತಮ್ಮ ಹಳೇ ಡೆಸ್ಕ್‌ಟಾಪನ್ನು ನಮ್ಮ ಹಾಲಿನಲ್ಲಿ ಇಟ್ಟು ಹೋಗಿದ್ದಾರೆ. ಹಾರ್ಡ್‌ಡಿಸ್ಕ್ ಕರಕರ ಅನ್ನುತ್ತಿದೆ. ಮುಚ್ಚಳ ತೆಗೆಯದೆ 3,000 ಅಂದಿದ್ದೇನೆ.